ಕರಿಮೊಟ್ಟೆಯ ಎರಡನೇ ದಿನ

ವಾಣಿಶ್ರೀಗೆ ಹೆದರಿಕೆ ಶುರುವಾದದ್ದು ಬೆಟ್ಟದಲ್ಲಲ್ಲ, ಮನೆಯಲ್ಲೇ. ಶುಕ್ರವಾರ ಬೆಳಿಗ್ಗೆ ಟ್ರಂಕಿನಿಂದ ಗಂಡನ ಟ್ರ್ಯಾಕ್ ಪ್ಯಾಂಟು ತೆಗೆದಾಗ. ವರ್ಷದಿಂದ ಅದು ಮಡಿಕೆ ಬಿಚ್ಚಿರಲಿಲ್ಲ. ಲಾಡಿ ಎಳೆದು ಕಟ್ಟಿಕೊಂಡಳು. ಕಾಲು ಉದ್ದವಾಯಿತು. ಮಡಿಚಿ ಹೊಲಿಗೆ ಹಾಕಲು ಕೂತರೆ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಗಂಡ ನಟರಾಜು ಹದಿನೇಳು ವರ್ಷ ಮಿಲಿಟರಿಯಲ್ಲಿದ್ದವನು. ಹವಾಲ್ದಾರನಾಗಿ, ಪೆನ್ಷನ್ ಮಾಡಿಸಿಕೊಂಡು, ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಗೆ ವಾಪಸು ಬಂದ. ಎರಡೆಕರೆ ಹೊಗೆಸೊಪ್ಪು, ಉಳಿದದ್ದು ರಾಗಿ. ಎಲ್ಲರ ಹಾಗೇ ಬದುಕಿದ. ಒಂದು ಹುಚ್ಚು ಮಾತ್ರ ಮಿಲಿಟರಿಯಿಂದ ಹೊತ್ತು ತಂದಿದ್ದ. ಓರಿಯಂಟಿಯರಿಂಗ್. ಊರಿನವರ ನಾಲಿಗೆಗೆ ಅದು ಹೊರಳಲಿಲ್ಲ. ನಕ್ಷೆ ಓಟ ಅಂದರು. ಕಾಡಿನಲ್ಲೋ ಬೆಟ್ಟದಲ್ಲೋ ಅಲ್ಲಲ್ಲಿ ಕಿತ್ತಳೆ, ಬಿಳಿ ಬಣ್ಣದ ಬಾವುಟ ಕಟ್ಟಿರುತ್ತಾರೆ. ಕೈಗೆ ಒಂದು ಮ್ಯಾಪು ಕೊಡುತ್ತಾರೆ. ದಾರಿ ಯಾರೂ ಹೇಳುವುದಿಲ್ಲ. ಮ್ಯಾಪು, ದಿಕ್ಸೂಚಿ ಹಿಡಿದು ಒಂದೊಂದೇ ಬಾವುಟ ಹುಡುಕಬೇಕು. ಅಲ್ಲಿ ತೂಗುಹಾಕಿದ ಪಂಚಿನಿಂದ ಚೀಟಿಗೆ ತೂತು ಒತ್ತಬೇಕು. ಹೇಳಿದ ಹೊತ್ತಿನೊಳಗೆ ವಾಪಸು ಬರಬೇಕು. ಅಷ್ಟೇ ಆಟ.

ಹೋದ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದಿಂದಾಚೆ, ಕೊಡಗಿನ ಅಂಚಿನ ಕರಿಮೊಟ್ಟೆ ಬೆಟ್ಟದಲ್ಲಿ ಎರಡು ದಿನದ ಸ್ಪರ್ಧೆ ಇತ್ತು. ಶನಿವಾರ ನಟರಾಜು ಓಡಿ, ರಾತ್ರಿ ಮನೆಗೆ ಬಂದು ಮಲಗಿದ. ಭಾನುವಾರ ಹೋದವನು ಬರಲಿಲ್ಲ. ಹಳೇ ಹುಲಿ, ಅವನಿಗೇನು ದಾರಿ ತಪ್ಪುತ್ತದೆ, ಯಾರಿಗೋ ದಾರಿ ತೋರಿಸುತ್ತಿರಬೇಕು ಅಂತ ಎಲ್ಲರೂ ಸುಮ್ಮನಿದ್ದರು. ಹುಡುಕಲು ಹೊರಟಾಗ ಮೂರು ಗಂಟೆ. ಮರಕ್ಕೆ ಒರಗಿ ಕೂತಿದ್ದ. ಎದೆ ನಿಂತು ಎಷ್ಟೋ ಹೊತ್ತಾಗಿತ್ತು. ಎಡಗೈಯಲ್ಲಿ ಮ್ಯಾಪು ಹಾಗೇ ಇತ್ತು. ಹೆಬ್ಬೆರಳು ಮ್ಯಾಪಿನಲ್ಲಿ ತಾನು ಕೂತ ಜಾಗದ ಮೇಲೇ ಇತ್ತು.

ಪಕ್ಕದಲ್ಲಿ ನೀರಿನ ಬಾಟಲಿ. ಅವನು ಯಾವಾಗಲೂ ಒಯ್ಯುತ್ತಿದ್ದ ಹಸಿರು ಪ್ಲಾಸ್ಟಿಕ್ಕಿನದು. ತುಂಬಿತ್ತು.

ಆ ಬಾಟಲಿಯೇ ಅತ್ತೆ ಜಯಲಕ್ಷ್ಮಮ್ಮನನ್ನು ತಿಂದುಹಾಕಿತು. ಸಾಯುವವರ ಬಾಯಿಗೆ ನೀರು ಬಿಡಬೇಕು. ಅದು ಮಗನ ಕೈಯಿಂದ ತಾಯಿಗೆ ಸಿಗಬೇಕಾದದ್ದು. ಇಲ್ಲಿ ಮಗನೇ ಮೊದಲು ಹೋದ, ಒಂದು ತೊಟ್ಟು ಬಿಡಲು ಯಾರೂ ಇಲ್ಲದೆ ಹೋದ. ಮುದುಕಿ ಆ ಬಾಟಲಿಯನ್ನು ದೇವರ ಗೂಡಿನ ಪಕ್ಕ ಇಟ್ಟಳು. ಮುಚ್ಚಳ ತೆಗೆಯಲು ಯಾರಿಗೂ ಬಿಡಲಿಲ್ಲ. ವಾರಕ್ಕೊಂದು ಸಲವಾದರೂ ಅದರ ಮುಂದೆ ನಿಂತು ಅದೇ ಮಾತು.

“ತುಂಬಿದ್ ಬಾಟ್ಲಿ ಪಕ್ದಾಗಿಟ್ಕಂಡು ಬಾಯಾರ್ಕಂಡು ವೋದ್ನಲ್ಲವ್ವ ನನ್ ಮಗ.”

ಬಾಟಲಿಯ ತಳದಲ್ಲಿ ಒಂದು ಚಿಟಿಕೆ ಮರಳಿತ್ತು. ಬೆಳಕು ಬಿದ್ದರೆ ಕಾಗೆಬಂಗಾರದ ಹಾಗೆ ಮಿರಮಿರ ಅನ್ನುತ್ತಿತ್ತು. ಗೂಡು ಒರೆಸುವಾಗಲೆಲ್ಲ ವಾಣಿಶ್ರೀ ಅದನ್ನು ನೋಡಿದ್ದಳು. ಯೋಚನೆ ಮಾಡಿರಲಿಲ್ಲ.

ವರ್ಷದ ತಿಥಿ ಆದ ಮಾರನೇ ದಿನ ಮೈಸೂರಿನಿಂದ ಕಿರಣ್‌ಕುಮಾರ್ ಫೋನು ಮಾಡಿದ. ಈ ಸ್ಪರ್ಧೆ ನಡೆಸುವವನು ಅವನೇ. ಈ ಸಲವೂ ಕರಿಮೊಟ್ಟೆಯಲ್ಲೇ, ಅಣ್ಣನ ಹೆಸರಲ್ಲಿ ಒಂದು ನಿಮಿಷ ಎದ್ದು ನಿಲ್ಲುತ್ತೇವೆ, ನೀವು ಬರಬೇಕಕ್ಕ ಅಂದ.

“ಬತ್ತೀನಿ,” ಅಂದಳು ವಾಣಿಶ್ರೀ. ಆಮೇಲೆ, “ನಾನೂ ಓಡ್ತೀನಿ,” ಅಂದಳು. ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಹೆದರಿಕೆಯಾಯಿತು. ಅವನು ಕೂತಿದ್ದ ಜಾಗ ಒಂದು ಸಲ ನೋಡಬೇಕು ಅನ್ನುವುದು ಒಳಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಪ್ಯಾಂಟು ಹಾಕಿಕೊಂಡು ಜಗಲಿಗೆ ಬಂದವಳನ್ನು ಎದುರು ಮನೆ ಪುಟ್ಟಮಲ್ಲಮ್ಮ ಮೇಲಿಂದ ಕೆಳಗೆ ನೋಡಿದಳು.

“ಏನವ್ವ ಜಯಲಕ್ಷ್ಮವ್ವ, ಸೊಸೆ ಪ್ಯಾಂಟು ಇಕ್ಕಂಡವ್ಳೆ? ತಿಥಿ ಕೂಳು ಇನ್ನೂ ಅರಗಿಲ್ಲ.”

“ನನ್ ಮಗನ್ ಪ್ಯಾಂಟು ಕಣವ್ವ,” ಅಂದಳು ಜಯಲಕ್ಷ್ಮಮ್ಮ. “ನಿನ್ ಗಂಡಂದೇನೂ ಕೇಳಾಕ್ ಬಂದಿಲ್ವಲ್ಲ.”

ಪುಟ್ಟಮಲ್ಲಮ್ಮ ಬಾಗಿಲು ಹಾಕಿಕೊಂಡಳು. ಜಯಲಕ್ಷ್ಮಮ್ಮನೂ ಒಳಗೆ ಬಂದು ಬಾಗಿಲು ಹಾಕಿದಳು. ನಗು ಮುಖದಲ್ಲಿರಲಿಲ್ಲ.

“ಊರೋರ್ ಬಾಯಿ ನಾನ್ ನೋಡ್ಕತೀನಿ. ನಾನೂ ನಿನ್ ಜೊತೆ ಬತ್ತೀನಿ. ಅವರು ಏಳಿದ್ ಒತ್ಗೆ ನನ್ ಕಣ್ ಮುಂದಿರ್ಬೇಕು ನೀನು. ಇನ್ನೊಂದ್ ಎಣ ಆ ಬೆಟ್ಟದಿಂದ ಇಳ್ಸಾಕೆ ನನ್ ಕೈಲಾಗಾಕಿಲ್ಲ ವಾಣಿ.”

“ಬತ್ತೀನಿ ಅತ್ತೆ.”

“ಅವನೂ ಇಂಗೇ ಏಳಿ ವೋದ.”



ವಾಣಿಶ್ರೀ ಓದಿದ್ದು ಏಳನೇ ಕ್ಲಾಸು. ಹುಟ್ಟಿದ್ದು ಕೆ.ಆರ್. ನಗರದಾಚೆ, ಕಾವೇರಿ ದಡದ ಚುಂಚನಕಟ್ಟೆಯಲ್ಲಿ. ಇಂಗ್ಲಿಷ್ ಬಾರದು. ನಕ್ಷೆ ಓಟದ ಮ್ಯಾಪಿನಲ್ಲಿ ಅಕ್ಷರವೇ ಇರುವುದಿಲ್ಲ ಅಂತ ಗೊತ್ತಾದ ದಿನ ಅವಳಿಗೆ ಅದರ ಮೇಲೆ ಆಸೆ ಹುಟ್ಟಿತು. ನಟರಾಜು ಭಾನುವಾರಗಳಲ್ಲಿ ಸ್ಕೂಲು ಮಕ್ಕಳಿಗೆ ಕಲಿಸಲೆಂದು ಊರ ಕೆರೆ, ಹೊಲ, ತೋಪುಗಳ ಮ್ಯಾಪು ಬರೆಯುತ್ತಿದ್ದ. ಹೆಜ್ಜೆ ಎಣಿಸುವ ಕೆಲಸ ಅವಳದು.

“ಮ್ಯಾಪಲ್ಲಿ ಬಿಳಿ ಅಂದ್ರೆ ಏನೇಳು?” ಅಂತ ಕೇಳಿದ್ದ.

“ಬಯಲು.”

“ಅಲ್ಲ ಕಣೆ. ಬಿಳಿ ಅಂದ್ರೆ ಕಾಡು. ಅಳದಿ ಅಂದ್ರೆ ಬಯಲು, ರಾಗಿ ಕುಯ್ದ್ ಒಲ ಅಂತ ಇಟ್ಕ. ಅಸುರು ಅಂದ್ರೆ ನುಗ್ಗಾಕಾಗದ ಪೊದೆ. ಅಸುರು ಕಂಡ್ರೆ ನಿಮ್ಮೂರ್ ಗದ್ದೆ ಅಂತ ಇಳುದ್ಬುಟ್ಟೀಯ.”

ಕಂದು ಗೆರೆಗಳನ್ನು ಮಾತ್ರ ಅವನು ಹೇಳುವ ಮೊದಲೇ ಅವಳು ಹಿಡಿದಳು. “ಇವು ಗದ್ದೆ ಬದ ಅಲ್ವ?” ಅಂದಳು. ಒಂದು ಬದುವಿನ ಉದ್ದಕ್ಕೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಬದುಗಳು ಒತ್ತಾಗಿದ್ದರೆ ಜಾಗ ಕಡಿದು, ದೂರ ದೂರ ಇದ್ದರೆ ಸಮ. ಮದುವೆಗೆ ಮುಂಚೆ ಹತ್ತು ವರ್ಷ ಗದ್ದೆಗೆ ನೀರು ಕಟ್ಟಿದವಳಿಗೆ ಅದನ್ನು ಯಾರು ಕಲಿಸಬೇಕು. ನಟರಾಜು ಬಾಯಿ ಬಿಟ್ಟುಕೊಂಡು ನೋಡಿದ್ದ.

“ಇದನ್ನ ನನ್ ತಲೆಗ್ ತುಂಬಾಕೆ ನಮ್ ಸುಬೇದಾರ್ ಎಲ್ಡ್ ತಿಂಗ್ಳು ಬಯ್ದಿದ್ದ ಕಣೆ.”

ಎರಡು ಮಾತು ಮಾತ್ರ ಮರೆಯಬೇಡ ಅಂದಿದ್ದ. ನಿಂತ ಕಡೆ ಮೊದಲು ಮ್ಯಾಪನ್ನು ಉತ್ತರಕ್ಕೆ ತಿರುಗಿಸು. ನೀನಿರುವ ಜಾಗದ ಮೇಲಿಂದ ಹೆಬ್ಬೆರಳು ಎತ್ತಬೇಡ. ಕಾಲು ಹೋದಷ್ಟು ಹೆಬ್ಬೆರಳೂ ಹೋಗಬೇಕು.

ಶನಿವಾರ ಬೆಳಿಗ್ಗೆ ಅವರನ್ನು ಕರೆದೊಯ್ದವನು ಹಂಪಾಪುರದ ಮಾದೇಶ. ನಟರಾಜು ಜೊತೆಯಲ್ಲೇ ಮಿಲಿಟರಿ ಸೇರಲು ಹೋಗಿ, ಎದೆಯಳತೆ ಸಾಲದೆ ವಾಪಸು ಬಂದವನು. ಈಗ ಒಂದು ಮಾರುತಿ ವ್ಯಾನು ಓಡಿಸುತ್ತಾನೆ. ಪಿರಿಯಾಪಟ್ಟಣ ದಾಟಿ ಏರು ಶುರುವಾದಾಗ ಅಂದ:

“ದೊಡ್ಡವ್ವ, ಗಟ್ಟಿಯಾಗ್ ಇಡ್ಕಳಿ. ಬ್ರೇಕು ಮನಸ್ ಬಂದ್ರೆ ಇಡೀತದೆ.”

“ಮಿಲಿಟರಿಯೋರು ನಿನ್ನ ಸುಮ್ನೆ ವಾಪಸ್ ಕಳ್ಸಿಲ್ಲ ಕಣ್ಲಾ,” ಅಂದಳು ಜಯಲಕ್ಷ್ಮಮ್ಮ.

ವಾಣಿಶ್ರೀ ನಗಲಿಲ್ಲ. ಕಾಫಿ ತೋಟಗಳ ಮೇಲೆ ಬೆಟ್ಟ ಕಾಣುತ್ತಿತ್ತು. ಕೆಳಗೆ ಕಪ್ಪಗೆ ಕಾಡು, ಮೇಲೆ ಬೋಳು ಹುಲ್ಲು. ಇದೇ ರಸ್ತೆಯಲ್ಲಿ ಹೋದ ವರ್ಷ ಅವನನ್ನು ಆಂಬುಲೆನ್ಸಿನಲ್ಲಿ ತಂದರು. ಆಗ ಅವಳು ಹುಣಸೂರು ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದಳು. ಬೆಟ್ಟವನ್ನು ಇವತ್ತೇ ಮೊದಲು ನೋಡಿದ್ದು. ಇಷ್ಟು ದೊಡ್ಡದು ಅಂತ ಅವನು ಹೇಳಿರಲಿಲ್ಲ.

ಮೊದಲ ದಿನ ಬಾವುಟಗಳೆಲ್ಲ ಹುಲ್ಲಿನಲ್ಲಿದ್ದವು. ಹಳದಿ ಬಣ್ಣ, ಬಯಲು. ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದವು. ಓಡಲಿಲ್ಲ, ಬಿರಬಿರನೆ ನಡೆದಳು. ಹಿಂದೆ ಹುಲ್ಲು ಸರಿದರೆ ನಿಂತಳು. ಹೆಂಗಸರಲ್ಲಿ ಹನ್ನೊಂದು ಜನ, ಅವಳು ಹನ್ನೊಂದನೆಯವಳು. ಆದರೂ ಬಂದಳು. ಜಯಲಕ್ಷ್ಮಮ್ಮ ಓಟ ಹೊರಡುವ ಕಡೆಯ ತೋಟದ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದವಳು ಎದ್ದು, ಸೊಸೆಯ ತೋಳು ಮುಟ್ಟಿ ನೋಡಿ, ಮತ್ತೆ ಕೂತಳು.

“ಸಾಕ್ ಬುಡು,” ಅಂದಳು. “ಒಂದಿನ ಆಯ್ತಲ್ಲ. ಮನೀಗ್ ವೋಗಾನ.”

“ಅವರೂ ಒಂದಿನ ಬಂದಿದ್ರು ಅತ್ತೆ. ನಾಳೆದು ಇರೋದು.”

ಮುದುಕಿ ಮುಖ ಆ ಕಡೆ ತಿರುಗಿಸಿದಳು.

ಭಾನುವಾರ ಬೆಳಿಗ್ಗೆ ಮಂಜು. ಶೆಡ್ಡಿನಿಂದ ವ್ಯಾನು ಕಾಣುತ್ತಿರಲಿಲ್ಲ. ನಟರಾಜು ಹೆಸರಿನಲ್ಲಿ ಎಲ್ಲರೂ ಒಂದು ನಿಮಿಷ ನಿಂತರು. ಇವತ್ತಿನ ಬಾವುಟಗಳು ಕಾಡಿನಲ್ಲಿ.

ಕಿರಣ್‌ಕುಮಾರ್ ಹತ್ತಿರ ಬಂದ. “ವಾಣಿಯಕ್ಕ, ಬೇಡ ಅನ್ಸಿದ್ರೆ ಬೇಡ. ಯಾರೂ ಏನೂ ಅನ್ನಲ್ಲ.”

“ವೋಯ್ತೀನಿ ಸಾರ್.”

“ಒಂದು ಗಂಟೆಗೆ ಕ್ಲೋಸು. ಒಂದು ದಾಟಿ ಒಂದು ನಿಮಿಷ ಆದ್ರೂ ನಾವು ಹುಡುಕಕ್ಕೆ ಹೊರಡ್ತೀವಿ. ಅಣ್ಣ ಹೋದ ಮೇಲೆ ಮಾಡಿರೋ ರೂಲ್ಸು ಅದು. ವಿಷಲ್ ಇದೆಯಾ? ಏನಾದ್ರೂ ಆದ್ರೆ ಆರು ಸಲ ಊದಿ. ಫೋನ್ ನಂಬ್ಕೋಬೇಡಿ, ಮೇಲೆ ನೆಟ್‌ವರ್ಕ್ ಇಲ್ಲ.”

ಜಯಲಕ್ಷ್ಮಮ್ಮ ಮಾದೇಶನ ಕೈಗಡಿಯಾರ ಬಿಚ್ಚಿಸಿ ತನ್ನ ಮಡಿಲಲ್ಲಿಟ್ಟುಕೊಂಡಳು. ಅವಳಿಗೆ ಗಡಿಯಾರ ನೋಡಲು ಬಾರದು.

“ಒಂದು ಅಂದ್ರೆ ಮುಳ್ಳು ಎಲ್ಲಿರ್ತದ್ಲಾ?”

“ದೊಡ್ಡದು ಮ್ಯಾಲೆ, ಚಿಕ್ಕದು ಇಲ್ಲಿ,” ಅಂತ ಮಾದೇಶ ಬೆರಳಿಟ್ಟು ತೋರಿಸಿದ. ಮುದುಕಿ ಆ ಜಾಗಕ್ಕೆ ಉಗುರು ಒತ್ತಿ ಹಿಡಿದಳು.

ಹತ್ತೂ ಇಪ್ಪತ್ತಕ್ಕೆ ವಾಣಿಶ್ರೀ ಹೊರಟಳು. ಮ್ಯಾಪು ಕೈಗೆ ಬಂದದ್ದು ಆಗಲೇ. ಉತ್ತರಕ್ಕೆ ತಿರುಗಿಸಿದಳು. ಹೆಬ್ಬೆರಳಿಟ್ಟಳು. ಕಾಡೊಳಗೆ ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಸದ್ದೆಲ್ಲ ನಿಂತುಹೋಯಿತು. ಯಾರೋ ಬಾಗಿಲು ಹಾಕಿದ ಹಾಗೆ.

ಹೆದರಿಕೆಗೆ ಇಂಥದ್ದು ಅಂತ ಇರಲಿಲ್ಲ. ಮರದಿಂದ ಹನಿ ಬಿದ್ದರೆ ಹೆದರಿಕೆ. ಹಕ್ಕಿ ಹಾರಿದರೆ ಹೆದರಿಕೆ. ಹಕ್ಕಿ ಸುಮ್ಮನಾದರೆ ಇನ್ನೂ ಹೆದರಿಕೆ. ಮೊದಲ ಬಾವುಟ ಬಂಡೆಯ ಹಿಂದೆ ಸಿಕ್ಕಿತು. ಎರಡನೆಯದು ಬಿದ್ದ ಮರದ ಬುಡದಲ್ಲಿ. ಪಂಚ್ ಒತ್ತಿದಳು. ಮೂರು, ನಾಲ್ಕು, ಐದು. ಐದನೆಯದರ ಹತ್ತಿರ ತನ್ನ ಕೈಗಡಿಯಾರ ನೋಡಿದಳು. ಹನ್ನೊಂದೂ ಕಾಲು. ಇನ್ನು ನಾಲ್ಕು ಬಾವುಟ. ಹೊತ್ತು ಬೇಕಾದಷ್ಟಿತ್ತು.

ಆರಕ್ಕೆ ಹೋಗುವ ಗೆರೆಯನ್ನು ಮ್ಯಾಪಿನಲ್ಲಿ ನೋಡಿದವಳು ಅಲ್ಲೇ ನಿಂತಳು. ಆ ಗೆರೆಯ ಎಡಗಡೆ ಎರಡು ಬೆರಳು ದೂರದಲ್ಲಿ, ಎರಡು ಗೆರೆ ಅಡ್ಡ ಹಾಯ್ದ ಒಂದು ಕಪ್ಪು ಕತ್ತರಿ ಗುರುತಿತ್ತು. ಅದು ಏನು ಅಂತ ಅವಳಿಗೆ ಗೊತ್ತು. ನಟರಾಜುವಿನ ಮ್ಯಾಪು ವರ್ಷದಿಂದ ಅವಳ ದಿಂಬಿನ ಕೆಳಗಿತ್ತು. ಅವನ ಹೆಬ್ಬೆರಳಿದ್ದ ಕಡೆ ಕಾಗದ ಸವೆದಿತ್ತು. ಆ ಸವೆದ ಜಾಗದಲ್ಲೂ ಇದೇ ಕತ್ತರಿ ಗುರುತು.

ಬೇಡ ಅಂದುಕೊಂಡಳು. ಅತ್ತೆಗೆ ಹೇಳಿ ಬಂದದ್ದು ನೆನಪಾಯಿತು. ಬೇಡ ಅಂದುಕೊಳ್ಳುತ್ತಲೇ ಎಡಕ್ಕೆ ತಿರುಗಿದಳು.

ನೂರಾ ಎಂಬತ್ತು ಹೆಜ್ಜೆ. ಒಂದು ದೊಡ್ಡ ನೇರಳೆ ಮರ. ಬುಡದಲ್ಲಿ ಚೌಡಿ ಕಲ್ಲು, ಯಾವಾಗಲೋ ಬಳಿದ ಅರಿಶಿನ, ತುಕ್ಕು ಹಿಡಿದ ಒಂದು ಗಂಟೆ. ಬೇರೆ ಏನೂ ಇರಲಿಲ್ಲ. ಒಬ್ಬ ಮನುಷ್ಯ ಕೂತು ಸತ್ತ ಜಾಗದಲ್ಲಿ ಏನಾದರೂ ಇರಬೇಕು ಅಂತ ಅವಳು ಅಂದುಕೊಂಡಿದ್ದಳು. ಮರದ ತೊಗಟೆ ಮುಟ್ಟಿದಳು. ಒದ್ದೆಯಾಗಿತ್ತು. ಗಾಳಿ ಎದ್ದು ಮೇಲೆ ರೆಂಬೆಗಳು ಭೋರ್ ಅನ್ನುತ್ತಿದ್ದವು, ಬೇರೆ ಏನೂ ಕಿವಿಗೆ ಬೀಳುತ್ತಿರಲಿಲ್ಲ.

“ಇಲ್ಲಿ ಕೂತ್ಕಂಡ್ರಾ?” ಅಂದಳು. ಅಳು ಬಂತು.

ದೇವರ ಕಲ್ಲು ಕಂಡರೆ ಚಪ್ಪಲಿ ಬಿಟ್ಟು, ಕೈ ಮುಗಿದು, ಮೂರು ಸುತ್ತು ಬರುವುದು ಅವಳಿಗೆ ಉಸಿರಾಡಿದಷ್ಟೇ ರೂಢಿ. ಯೋಚನೆ ಮಾಡಿ ಮಾಡುವುದಲ್ಲ. ಶೂ ಬಿಚ್ಚಿದಳು. ಮ್ಯಾಪನ್ನು ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮುಚ್ಚಿ ಕೈ ಮುಗಿದಳು. ಮರ, ಕಲ್ಲು ಎರಡನ್ನೂ ಸೇರಿಸಿ ಮೂರು ಸುತ್ತು ಬಂದಳು. ಆಮೇಲೆ ಕೂತು ಶೂ ಹಾಕಿಕೊಂಡಳು, ಕಣ್ಣೊರೆಸಿಕೊಂಡಳು. ಎದ್ದವಳು ಮುಖ ಯಾವ ಕಡೆಗಿತ್ತೋ ಆ ಕಡೆಗೇ ನಡೆದಳು.

ತಪ್ಪು ಗೊತ್ತಾಗುವ ಹೊತ್ತಿಗೆ ಬಹಳ ದೂರ ಬಂದಿದ್ದಳು. ನೆಲ ಇಳಿಯಬೇಕಿತ್ತು, ಏರುತ್ತಿತ್ತು. ಮಂಜು ಕೆಳಗೆ ಬಂದು ಮರಗಳನ್ನು ನುಂಗಿತ್ತು. ಮ್ಯಾಪು ತೆಗೆದಳು. ಹೆಬ್ಬೆರಳು ಎಲ್ಲಿಡುವುದು? ಕೈ ಮುಗಿದಾಗ ಹೆಬ್ಬೆರಳು ಎತ್ತಿದ್ದಳು. ಮೂರು ಸುತ್ತಿನಲ್ಲಿ ದಿಕ್ಕು ಹೋಗಿತ್ತು. ಎರಡು ಮಾತು ಮರೆಯಬೇಡ ಅಂದಿದ್ದ. ಅವನು ಸತ್ತ ಜಾಗದಲ್ಲೇ ಎರಡನ್ನೂ ಮರೆತಳು.

ವಾಪಸು ತಿರುಗಿದಳು. ಐವತ್ತು ಹೆಜ್ಜೆಗೆ ಇದು ಬಂದ ದಾರಿಯಲ್ಲ ಅಂತ ಗೊತ್ತಾಯಿತು. ಬಲಕ್ಕೆ ಹೋದಳು. ಪೊದೆ. ಎಡಕ್ಕೆ ಬಂದಳು. ಮುಂದೆ ಬಿದಿರು ಮುರಿದು ಬಿದ್ದಿತ್ತು. ಮುರಿದ ಕಡೆ ಇನ್ನೂ ಬಿಳುಪು. ಕಾಲ ಹತ್ತಿರ ಆನೆ ಲದ್ದಿ. ಬಗ್ಗಿ ಅದರ ಮೇಲೆ ಕೈ ಹಿಡಿದಳು. ಬಿಸಿ ಇತ್ತು.

ವಿಷಲ್ ಬಾಯಿಗಿಟ್ಟಳು. ಊದಲಿಲ್ಲ. ಊದಿದರೆ ಮೊದಲು ಕೇಳುವುದು ಯಾರಿಗೆ?

ಒಂದು ಮರಕ್ಕೆ ಬೆನ್ನು ಒತ್ತಿ ಕೂತಳು. ಆಗ ಕೇಳಿಸಿತು. ಮಂಜಿನೊಳಗೆ, ಎಷ್ಟು ದೂರವೋ ಗೊತ್ತಿಲ್ಲ, ಕಂಬಳಿ ಕೊಡವಿದಂಥ ಸದ್ದು. ಕಿವಿ ಬೀಸುವ ಸದ್ದು. ಆಮೇಲೆ ಹೊಟ್ಟೆಯೊಳಗಿನ ಗುಡುಗುಡು. ಆಮೇಲೆ ವಾಸನೆ. ವಾಣಿಶ್ರೀ ಮ್ಯಾಪನ್ನು ಬಾಯಿಗೆ ಒತ್ತಿಕೊಂಡಳು, ಉಸಿರು ಕೇಳಿಸಬಾರದು ಅಂತ. ಸಾಯುವುದಕ್ಕೆ ಅವಳು ಅಷ್ಟು ಹೆದರಲಿಲ್ಲ. ಈ ವರ್ಷದಲ್ಲಿ ಎಷ್ಟೋ ದಿನ ಸತ್ತರೆ ಸಾಕು ಅಂದುಕೊಂಡಿದ್ದಳು. ಕುರ್ಚಿಯ ಮೇಲೆ ಕೂತು ಗಡಿಯಾರಕ್ಕೆ ಉಗುರು ಒತ್ತಿದ ಮುದುಕಿ ಕಣ್ಣಿಗೆ ಕಟ್ಟಿದಳು. ಒಂದೇ ಬೆಟ್ಟದಿಂದ ಇಬ್ಬರ ಸುದ್ದಿ ಅವಳು ಕೇಳಬೇಕಾಗುತ್ತದೆ. ಅದಕ್ಕೆ ಹೆದರಿದಳು.

ಎಷ್ಟು ಹೊತ್ತೋ. ಬಿದಿರು ಲಟಲಟ ಮುರಿಯುತ್ತಾ ಸದ್ದು ಮೇಲಕ್ಕೆ ಹೋಯಿತು. ಗಡಿಯಾರದಲ್ಲಿ ಹನ್ನೆರಡೂವರೆ.

ಆಗ ಕೆಳಗಿನಿಂದ ಹಾರ್ನು ಕೇಳಿಸಿತು. ಮಾದೇಶನ ವ್ಯಾನು. ಪೀಂ, ಪೀಂ, ಪೀಂ. ಒಂದಾಗುವ ಮೊದಲೇ ಮುದುಕಿ ಒತ್ತಿಸುತ್ತಿದ್ದಾಳೆ. ವಾಣಿಶ್ರೀ ಎದ್ದು ಆ ಕಡೆ ಓಡಿದಳು. ನಾಲ್ಕು ಹೆಜ್ಜೆಗೆ ಹಾರ್ನು ಬೆನ್ನ ಹಿಂದಿನಿಂದ ಬಂತು. ತಿರುಗಿದಳು. ಎಡಗಡೆಯಿಂದ ಬಂತು. ಬೆಟ್ಟ ಸದ್ದನ್ನು ಹಿಡಿದು ಹಿಡಿದು ಎಸೆಯುತ್ತಿತ್ತು. ಕರೆಯುವವರ ದನಿ ಕೇಳುತ್ತದೆ, ಎಲ್ಲಿಂದ ಅಂತ ತಿಳಿಯುವುದಿಲ್ಲ. ಅಷ್ಟು ಹೆದರಿಕೆ ಆನೆಯಿಂದಲೂ ಆಗಿರಲಿಲ್ಲ. ಆಮೇಲೆ ಹಾರ್ನು ನಿಂತಿತು. ಆನೆ ಇದೆ, ಒತ್ತಬೇಡ ಅಂತ ಯಾರೋ ಬಯ್ದಿರಬೇಕು.

ವಾಣಿಶ್ರೀ ಎರಡೂ ಕಿವಿ ಮುಚ್ಚಿಕೊಂಡು ನಿಂತಳು. ನಿಂತ ಕಡೆ ಮೊದಲು ಮ್ಯಾಪನ್ನು ತಿರುಗಿಸು. ತಿರುಗಿಸಿದಳು. ಎಲ್ಲಿದ್ದೀನಿ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಇರಲಿ. ಕಂದು ಗೆರೆ ನೋಡಿದಳು. ಬದು, ಬದು, ಬದು. ಈ ಮಗ್ಗುಲಿನ ಬದುಗಳೆಲ್ಲ ಒಳಗೆ ಬಾಗಿ ಒಂದು ನೀಲಿ ಗೆರೆಗೆ ಬಂದು ಸೇರುತ್ತಿದ್ದವು. ಹಳ್ಳ. ಹಳ್ಳ ಇಳಿದು ಹೋಗಿ ತೋಟದ ರಸ್ತೆಯ ಮೋರಿಗೆ ಬೀಳುತ್ತಿತ್ತು. ಮೋರಿಯಿಂದ ಶೆಡ್ಡು ಕೂಗಳತೆ. ಇಲ್ಲಿ ಎಲ್ಲಿ ನಿಂತು ಒಂದು ಕೊಡ ನೀರು ಸುರಿದರೂ ಅದು ಹೋಗಿ ಸೇರುವುದು ಆ ಮೋರಿಗೇ. ಅವಳೂ ಅಷ್ಟೇ ಮಾಡಿದರೆ ಸಾಕು. ಸುರಿದ ನೀರಿನ ಹಾಗೆ ಹೋಗಬೇಕು.

ಇಳುಕಲು ಇದ್ದ ಕಡೆ ಇಳಿದಳು. ಮುಳ್ಳು ಎಳೆಯಿತು, ಪ್ಯಾಂಟು ಹರಿಯಿತು. ಎರಡು ಕಡೆ ಕೂತುಕೊಂಡು ಜಾರಿದಳು. ಪ್ರತಿ ಪೊದೆಯ ಹಿಂದೆ ಆನೆ ಇದೆ ಅಂತಲೇ ಇಳಿದಳು. ಕಾಲು ತಣ್ಣಗಾಯಿತು. ನೋಡಿದರೆ ನೀರು. ಮೊಣಕಾಲುದ್ದವೂ ಇಲ್ಲದ ಹಳ್ಳ. ನೀರಿನ ಜೊತೆ ನಡೆದಳು.

ಹಳ್ಳ ಒಂದು ಬಂಡೆ ಬಳಸಿ ತಿರುಗಿದ ಕಡೆ ತಲೆ ಎತ್ತಿದಳು. ದಡದ ಮೇಲೆ, ಹತ್ತು ಹೆಜ್ಜೆಯಲ್ಲಿ, ನೇರಳೆ ಮರ. ತುಕ್ಕು ಗಂಟೆ. ಅದೇ ಚೌಡಿ ಕಲ್ಲು. ಮರದ ಹಿಂದೆಯೇ ಹಳ್ಳ ಇತ್ತು. ಗಾಳಿಯಲ್ಲಿ, ಅಳುವಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ.

ಈಗ ಗಾಳಿ ನಿಂತಿತ್ತು. ಮಂಜು ಹರಿದು ಒಂದು ಚೂರು ಬಿಸಿಲು ನೀರಿಗೆ ಬಿತ್ತು. ತಳದ ಮರಳು ಮಿರಮಿರ ಅಂದಿತು.

ವಾಣಿಶ್ರೀ ನೀರಿನಲ್ಲೇ ಕೂತುಬಿಟ್ಟಳು. ಮರಳು ಹಿಡಿದೆತ್ತಿದಳು. ಕಾಗೆಬಂಗಾರ. ಕಟ್ಟೆಮಳಲವಾಡಿಯ ನೀರಿನಲ್ಲಿ ಇದಿಲ್ಲ. ಅವತ್ತು ಬೆಳಿಗ್ಗೆ ಅವನ ಬಾಟಲಿಗೆ ಫಿಲ್ಟರ್ ನೀರು ತುಂಬಿದವಳು ಅವಳೇ, ಅದರಲ್ಲೂ ಇರಲಿಲ್ಲ. ತಂದ ನೀರನ್ನು ಅವನು ದಾರಿಯಲ್ಲೇ ಕುಡಿದು ಮುಗಿಸಿದ್ದ. ಇಲ್ಲಿಗೆ ಇಳಿದಿದ್ದ. ಇಲ್ಲಿ ಬೊಗಸೆಯಲ್ಲಿ ಕುಡಿದು, ಬಾಟಲಿ ತುಂಬಿಕೊಂಡು, ಹತ್ತು ಹೆಜ್ಜೆ ಹತ್ತಿ, ಮರಕ್ಕೆ ಒರಗಿ ಕೂತಿದ್ದ. ಬಾಟಲಿ ತುಂಬಿದ್ದು ಅದಕ್ಕೆ.

ಜೊತೆಗಿದ್ದ ಬಾಟಲಿ ಖಾಲಿ ಮಾಡಿದಳು. ಹಳ್ಳದ ನೀರು ತುಂಬಿದಳು, ತಳದಿಂದ, ಮರಳು ಬರುವ ಹಾಗೆ. ಈ ಸಲ ಕೈ ಮುಗಿಯಲಿಲ್ಲ. ಹೆಬ್ಬೆರಳನ್ನು ಕತ್ತರಿ ಗುರುತಿನ ಮೇಲಿಟ್ಟಳು, ನೀಲಿ ಗೆರೆಯ ಮೇಲೆ ಜಾರಿಸುತ್ತಾ ನಡೆದಳು. ಒಂದು ಗಂಟೆಯಾದದ್ದು ಗೊತ್ತಾಯಿತು. ಓಡಿದಳು. ಎರಡು ದಿನದಲ್ಲಿ ನಿಜವಾಗಿ ಓಡಿದ್ದು ಅದೊಂದೇ ಸಲ.

ಮೋರಿಯ ಹತ್ತಿರ ಹಳದಿ ಜಾಕೆಟ್ಟಿನ ನಾಲ್ಕು ಜನ ಹಗ್ಗ, ಸ್ಟ್ರೆಚರ್ ಹಿಡಿದು ಎರಡನೇ ಸಲ ಕಾಡಿಗೆ ನುಗ್ಗುತ್ತಿದ್ದರು. ಮುಂದೆ ಕಿರಣ್‌ಕುಮಾರ್. ಅವಳನ್ನು ಕಂಡು ರಸ್ತೆಯ ಮೇಲೇ ಕೂತುಬಿಟ್ಟ.

ಶೆಡ್ಡಿನ ಮುಂದೆ ಜಯಲಕ್ಷ್ಮಮ್ಮ ಎದ್ದು ನಿಂತಿದ್ದಳು. ಸೊಸೆ ಹತ್ತಿರ ಬರುವವರೆಗೂ ಅಲುಗಲಿಲ್ಲ. ಬಂದ ಮೇಲೆ ಬೆನ್ನಿಗೆ ಒಂದು ಏಟು ಕೊಟ್ಟಳು. ಇನ್ನೊಂದು ಕೊಟ್ಟಳು.

“ಎಲ್ಲಿ ಸಾಯಾಕ್ ವೋಗಿದ್ಯೇ? ಚಿಕ್ ಮುಳ್ಳು ಉಗುರು ದಾಟಿ ವೋಯ್ತು. ದಾಟಿ ವೋಯ್ತು ಕಣೇ!”

“ದೊಡ್ಡವ್ವ, ಬುಡಿ, ಬಂದ್ರಲ್ಲ,” ಅಂದ ಮಾದೇಶ.

“ನೀನ್ ಸುಮ್ಕಿರ್ಲಾ, ಎದೆ ಇಲ್ದೋನೆ.”

ವಾಣಿಶ್ರೀ ಏಟು ತಿಂದಳು. ಆಮೇಲೆ ಬಾಟಲಿ ಮುಂದೆ ಹಿಡಿದಳು.

“ಅತ್ತೆ. ಅವ್ರು ಕೂತಿದ್ ಜಾಗುಕ್ ವೋಗಿದ್ದೆ. ಮರದ್ ಇಂದೆ ಅಳ್ಳ ಅದೆ. ಇದೇ ನೀರು. ತಳ ನೋಡಿ.”

ಮುದುಕಿ ನೋಡಿದಳು. ಬಾಟಲಿಯನ್ನು ಬೆಳಕಿಗೆ ಎತ್ತಿ ಅಲ್ಲಾಡಿಸಿದಳು. ಮಿರಮಿರ ಅಂತ ಮರಳು ಎದ್ದು ಮತ್ತೆ ಕೂತಿತು. ವರ್ಷದಿಂದ ದಿನಾ ನೋಡಿದ ಮರಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಕುಡ್ದವ್ನೆ,” ಅಂದಳು.

“ಕುಡ್ದವ್ರೆ ಅತ್ತೆ. ಕುಡ್ದು ತುಂಬ್ಕಂಡವ್ರೆ.”

ಜಯಲಕ್ಷ್ಮಮ್ಮ ಮುಚ್ಚಳ ತೆಗೆದು ಬಾಟಲಿ ಎತ್ತಿ ಕುಡಿದಳು. ಗಂಟಲು ಮೇಲೆ ಕೆಳಗೆ ಆಡಿತು. ಅರ್ಧ ಮುಗಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ತಣ್ಣಗದೆ,” ಅಂದಳು. ಆಮೇಲೆ ಕುರ್ಚಿಯಲ್ಲಿ ಕೂತು ದನಿ ತೆಗೆದು ಅತ್ತಳು. ಮಗನ ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ.

ಕಿರಣ್‌ಕುಮಾರ್ ಚೀಟಿ ತೆಗೆದುಕೊಂಡು ನೋಡಿದ. ಐದು ತೂತು. ಉಳಿದ ನಾಲ್ಕು ಮನೆ ಖಾಲಿ. “ಅಕ್ಕ, ಇವತ್ತಿಂದು ಲೆಕ್ಕಕ್ಕೆ ಬರಲ್ಲ,” ಅಂದ ಸಣ್ಣ ದನಿಯಲ್ಲಿ. “ಟೈಮೂ ಇಪ್ಪತ್ತೆರಡು ನಿಮಿಷ ಮೀರಿದೆ.”

“ಆಗ್ಲಿ ಸಾರ್,” ಅಂದಳು.

ವ್ಯಾನು ಇಳಿಯುವಾಗ ಅವಳಿಗೆ ನಡುಕ ಹಿಡಿಯಿತು. ಕಾಡಿನಲ್ಲಿ ಬಾರದೆ ಉಳಿದದ್ದೆಲ್ಲ ಈಗ ಬಂತು. ಅತ್ತೆ ತನ್ನ ಶಾಲು ಹೊದಿಸಿದಳು, ನಿಲ್ಲಲಿಲ್ಲ. ರಸ್ತೆ ಬದಿಯಲ್ಲಿ ಒಂದು ಎಮ್ಮೆ ಕಿವಿ ಬೀಸಿದರೆ ಬೆಚ್ಚಿ ಸೀಟು ಹಿಡಿದಳು. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡು ಬಂತು, ಜನ ಬಂದರು, ಬಿಸಿಲು ಬಂತು. ಅವಳ ಎಡಗೈ ಮಾತ್ರ ಮ್ಯಾಪನ್ನು ಬಿಟ್ಟಿರಲಿಲ್ಲ. ಹೆಬ್ಬೆರಳು ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು.

ಜಯಲಕ್ಷ್ಮಮ್ಮ ಅದನ್ನು ನೋಡಿದಳು. ಸೊಸೆಯ ಕೈ ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳನ್ನು ಮೆಲ್ಲಗೆ ಕಾಗದದಿಂದ ಎತ್ತಿದಳು.

“ಬುಡು ಈಗ,” ಅಂದಳು. “ಮನೆ ದಾರಿ ಮಾದೇಶಂಗೆ ಗೊತ್ತದೆ.”